ಬರ್ತೇನಿ ಅಂದರೆ ಹತ್ತುವ ದೀಪಗಳು

ಹೋದ ವಾರ ಆಫೀಸಿಗೆ ರಜೆ ಹಾಕಿ ಗೋರೆಗಾಂವಿಗೆ ಹೋಗಿದ್ದೆ. ನಮ್ಮ ಹಳೆಯ ಬಿಲ್ಡಿಂಗನ್ನು ಒಡೆಯುತ್ತಿದ್ದಾರೆ ಎಂದು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರು. ಹಳೆಯದನ್ನು ಕೆಡವಿ ಅಲ್ಲೇ ಹೊಸ ಮನೆ ಕಟ್ಟಿಕೊಡುವ ರೀಡೆವಲಪ್‌ಮೆಂಟಿಗೆಂದು ನಾವೆಲ್ಲ ಮನೆ ಖಾಲಿ ಮಾಡಿ ಮುಂಬಯಿಯ ತುಂಬ ಬಾಡಿಗೆ ಮನೆಗಳಿಗೆ ಚದುರಿ ಬಹಳ ಕಾಲವಾಗಿತ್ತು. ಬಿಲ್ಡರನಿಗೆ ಈಗ ಮುಹೂರ್ತ ಕೂಡಿ ಬಂದಿತ್ತು. ನಾನು ಮುಟ್ಟುವ ಹೊತ್ತಿಗೆ ಮುಂದಿನ ಗೋಡೆ ಪೂರ್ತಿ ಬಿದ್ದು, ಎಲ್ಲರ ಮನೆಗಳೂ ನಾಚಿಕೆ ಬಿಟ್ಟು ರಸ್ತೆಗೆ ಕಾಣುತ್ತಿದ್ದವು. ಒಬ್ಬರದು ಗುಲಾಬಿ, ಒಬ್ಬರದು ಹಸಿರು, ನಮ್ಮದು ಮಳೆಗಾಲದ ಬೂಷ್ಟು ಹಿಡಿದ ಬಿಳಿ. ನಮ್ಮ ಎದುರು ಮನೆಯ ಗೋಡೆ ಮಾತ್ರ ಬೇರೆಯೇ ಇತ್ತು. ಅದರ ಮೇಲೆ ಕೆಂಪು ಗೆರೆ, ನೀಲಿ ಗೆರೆ, ಸುತ್ತುಗಳು, ಮೇಲ್ಮುಖವಾಗಿ ಬಿಡಿಸಿದ ಹತ್ತಾರು ಬಾಣಗಳು, ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಇಲ್ಲಿ ಹಲ್ಲಿ ಇರ್ತದ’ ಎಂಬ ಸೂಚನೆ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ವಡಾಪಾವ್ ಗಾಡಿಯವನು ಕೇಳಿದ: "ಉಧರ್ ಕೋಯೀ ಆರ್ಟಿಸ್ಟ್ ರೆಹತಾ ಥಾ ಕ್ಯಾ?"

"ನಹೀಂ," ಅಂದೆ. "ಇಲೆಕ್ಟ್ರಿಶಿಯನ್ ಭೀ ನಹೀಂ ಥಾ."

ಅಲ್ಲಿದ್ದವರು ಕಾಕಾ. ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಯವರಿಗೂ ಅವರು ಕಾಕಾ, ನಮಗೂ ಕಾಕಾ. ಎರಡು ಭಾಷೆಗೂ ಆ ಶಬ್ದ ಒಂದೇ ಆದ್ದರಿಂದ ಯಾರೂ ಅವರ ಹೆಸರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಅವರ ಹೆಂಡತಿ ಕಾಕೂ. ಧಾರವಾಡ ಕಡೆಯವರು. ನಾನು ಎದುರು ಬಾಗಿಲಿನವಳು, ಬಾಂದ್ರಾದ ಆಫೀಸಿಗೂ ಮನೆಗೂ ಲೋಕಲ್‌ನಲ್ಲಿ ಓಡಾಡುವವಳು, ಬೆಳಗಾವಿಯ ಮಗಳು. ಅಷ್ಟು ಸಾಕಾಯಿತು ಅವರಿಗೆ, ನನ್ನನ್ನು ಯಾವ ಕೆಲಸಕ್ಕೆ ಬೇಕಾದರೂ ಕರೆಯಲು. ಹೋದ ವರ್ಷ ವಿಕ್ರೋಳಿಯ ಬಾಡಿಗೆ ಮನೆಯಲ್ಲಿ ಕಾಕಾ ತೀರಿಕೊಂಡರು. ಆ ಗೋಡೆ ನೋಡಿದಾಗ ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಕಾಕಾನ ವಿಷಯದಲ್ಲಿ ಯಾವಾಗಲೂ ಅದೇ ಸರದಿ.

ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಅವರು ರಿಟೈರ್ ಆಗುವವರೆಗೆ ಕೆಲಸ ಮಾಡಿದ್ದು ಪ್ಯಾಕಿಂಗ್ ವಿಭಾಗದಲ್ಲಿ. ಕರೆಂಟಿಗೂ ಅವರಿಗೂ ಸಂಬಂಧ ಬರುತ್ತಿದ್ದದ್ದು ಫ್ಯಾನಿನ ಕೆಳಗೆ ಕೂತಾಗ ಮಾತ್ರ. ಆದರೆ ಆತ್ಮವಿಶ್ವಾಸದಲ್ಲಿ ಕಾಕಾ ಒಂದು ಪವರ್ ಹೌಸ್. ಕಾರ್ಖಾನೆಯಿಂದ ಅವರು ಎರಡು ಆಸ್ತಿ ತಂದಿದ್ದರು. ಒಂದು, ಬಣ್ಣಬಣ್ಣದ ದಪ್ಪ ಮಾರ್ಕರ್ ಪೆನ್ನುಗಳು. ಇನ್ನೊಂದು, ಯಾವ ವಸ್ತು ಕಂಡರೂ ಅದರ ಮೇಲೆ ‘ಈ ಕಡೆ ಮೇಲೆ’ ಎಂದು ಬಾಣ ಬಿಡಿಸುವ ಚಟ. ಅವರ ಮನೆಯ ಅಕ್ಕಿ ಡಬ್ಬಿಗೆ ಬಾಣ, ಸೂಟ್‌ಕೇಸಿಗೆ ಬಾಣ. ನಮಗೆ ಕೊಟ್ಟ ಧಾರವಾಡ ಪೇಡೆಯ ಡಬ್ಬಿಯ ಮೇಲೂ ಬಾಣ ಇತ್ತು. ಪೇಡೆ ತಲೆಕೆಳಗಾದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, "ಏನೂ ಆಗಂಗಿಲ್ಲ. ಆದ್ರ ಪೇಡೆಕ್ಕ ಅವಮಾನ ಆಗ್ತದ," ಅಂದಿದ್ದರು.

ಎಲ್ಲ ಶುರುವಾದದ್ದು ಕಾಕೂ ಬಿದ್ದದ್ದರಿಂದ. ಬೆಳಗಿನ ಜಾವ ನಲ್ಲಿಗೆ ನೀರು ಬರುತ್ತಿತ್ತು. ಕಾಕೂಗೆ ಕತ್ತಲಲ್ಲಿ ಕಣ್ಣು ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಸ್ವಿಚ್ ಹುಡುಕುತ್ತ ಗೋಡೆ ತಡವಿಕೊಂಡು ಪ್ಯಾಸೇಜಿನಲ್ಲಿ ಹೋಗುವಾಗ ಸ್ಟೂಲಿಗೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಸ್ಟೂಲು ಅಲ್ಲಿಟ್ಟವರು ಕಾಕಾ. ಹಿಂದಿನ ದಿನ ಬಲ್ಬ್ ಬದಲಿಸಿ, ಅದನ್ನು ಅಲ್ಲೇ ಮರೆತಿದ್ದರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಕಾಕೂ ಒಂದು ಮಾತೂ ಆಡಲಿಲ್ಲ. ಕಾಕಾಗೆ ಅದೇ ತಡೆಯಲಾಗಲಿಲ್ಲ. ಮರುದಿನ ನಮ್ಮ ಮನೆಗೆ ಬಂದು, ಚಹಾ ಮುಟ್ಟದೆ, ಪ್ರಮಾಣ ಮಾಡಿದ ಹಾಗೆ ಹೇಳಿದರು: "ಇನ್ನ ಮ್ಯಾಲೆ ನನ್ನ ಹೆಣ್ತಿ ಕತ್ತಲದಾಗ ಗ್ವಾಡಿ ತಡವಬಾರದು ಮಗಳ. ಆಕಿ ಬಂದಲ್ಲೆ ಬೆಳಕ ತಾನಾಗೇ ಬರಬೇಕು. ಸೆನ್ಸರ್ ಹಚ್ಚೋದು. ಪೂರ್ತಿ ಮನಿ ಆಟೋಮ್ಯಾಟಿಕ್."

ಪ್ಯಾಸೇಜಿಗೆ ಒಂದು ಸಣ್ಣ ನೈಟ್ ಲ್ಯಾಂಪ್ ಸಿಕ್ಕಿಸಿದ್ದರೆ ಮುಗಿಯುತ್ತಿತ್ತು. ಹೇಳಿದೆ ಕೂಡ. ಕಾಕಾ ನನ್ನನ್ನು ಮರುಕದಿಂದ ನೋಡಿದರು.

ಅಲ್ಲಿಂದ ಪ್ಲ್ಯಾನಿಂಗ್ ಪರ್ವ. ಕಾಗದದ ಮೇಲೆ ನಕಾಶೆ ಮಾಡಿರಿ ಅಂದರೆ, "ಕಾಗದದಾಗ ಗ್ವಾಡಿ ಎಲ್ಲಿರ್ತದ?" ಎಂದು ನೇರ ಗೋಡೆಯ ಮೇಲೆಯೇ ಬರೆಯತೊಡಗಿದರು. ಕೆಂಪು ಅಂದರೆ ಕರೆಂಟು ಬರುವ ವೈರು, ನೀಲಿ ಅಂದರೆ ವಾಪಸು ಹೋಗುವ ವೈರು, ಸುತ್ತು ಅಂದರೆ ಸೆನ್ಸರ್. ಬಾಣ ಯಾಕೆಂದು ಹೇಳಬೇಕಾಗಿಲ್ಲ. ಕಾಕೂ ಒಂದೊಂದು ಗೆರೆಯ ಮೇಲೂ ಒಂದೊಂದು ಕ್ಯಾಲೆಂಡರ್ ತೂಗುಹಾಕುತ್ತ ಹೋದರು. ಬ್ಯಾಂಕಿನದು, ಕಿರಾಣಿ ಅಂಗಡಿಯದು, ಗಣಪತಿ ಮಂಡಳದ್ದು. ಅವರ ಹಾಲ್‌ನಲ್ಲಿ ಐದಾರು ಕಡೆ ಇವತ್ತು ಯಾವ ವಾರ ಎಂದು ಗೊತ್ತಾಗುತ್ತಿತ್ತು.

ಕಾಕೂ ಎಲ್ಲೆಲ್ಲಿ ನಡೆಯುತ್ತಾರೆ, ಎಲ್ಲಿ ಕೈ ಊರುತ್ತಾರೆ ಎಂದು ತಿಳಿಯಲು ಸರ್ವೇ ಆಯಿತು. ಕೈಗೆ ಪ್ಲಾಸ್ಟರ್ ಇದ್ದ ಕಾಕೂ ಅದಕ್ಕೆ ಸುತರಾಂ ಒಪ್ಪಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಕಾಕೂ ಆಗಿ, ಕೈಯಲ್ಲಿ ಸ್ಟೀಲಿನ ತಂಬಿಗೆ ಹಿಡಿದು, ಅವರ ಮಲಗುವ ಕೋಣೆಯಿಂದ ಅಡುಗೆಮನೆಗೆ ನಿಧಾನವಾಗಿ ನಡೆಯಬೇಕಾಯಿತು. ಕಾಕಾ ಅದೇ ಸ್ಟೂಲಿನ ಮೇಲೆ ಕೂತು ಗುರುತು ಹಾಕಿಕೊಳ್ಳುತ್ತಿದ್ದರು.

"ಹಂಗಲ್ಲ. ಆಕಿ ದೇವರ ಮುಂದ ಬಂದಾಗ ಒಂದೀಟು ನಿಲ್ತಾಳ."

ನಿಂತೆ.

"ನಿಂತು ನನ್ನ ಮ್ಯಾಲೆ ದೇವರಿಗೆ ಚಾಡಿ ಹೇಳ್ತಾಳ. ಅಷ್ಟು ಹೊತ್ತು ಲೈಟ್ ಹತ್ತಿರಬೇಕು."

"ಎಷ್ಟು ಹೊತ್ತು ಕಾಕಾ?"

"ಹಿಂಗ ಹೇಳಾಕ ಬರಂಗಿಲ್ಲ. ಮುಂಚಿನ ದಿನ ನಾ ಏನ್ ಮಾಡೇನಿ ಅನ್ನೋದರ ಮ್ಯಾಲೆ."

ಮೊದಲ ವಿಘ್ನ ಬಂದದ್ದು ನ್ಯೂಟ್ರಲ್ ವೈರಿನಿಂದ. ಹೊಸ ಮಾದರಿಯ ಸ್ವಿಚ್ಚಿಗೆ ಬೋರ್ಡಿನೊಳಗೇ ಒಂದು ನ್ಯೂಟ್ರಲ್ ವೈರ್, ಅಂದರೆ ಕರೆಂಟು ವಾಪಸು ಹೋಗುವ ವೈರ್, ಬೇಕಂತೆ. ನಮ್ಮ ಹಳೆಯ ಬಿಲ್ಡಿಂಗಿನ ಬೋರ್ಡುಗಳಲ್ಲಿ ಅದು ಇರಲಿಲ್ಲ. ಕಾಕಾ ಅದನ್ನು ‘ನೂಟ್ರಲ್’ ಅನ್ನುತ್ತಿದ್ದರು. ವೈರ್‌ಮನ್ ಬಂದು ಗೋಡೆ ಕೊರೆದು ಹೊಸ ವೈರು ಎಳೆಯಬೇಕು ಅಂದ. ಗೋಡೆ ಮುಟ್ಟಿದರೆ ನೋಡಿ ಎಂದು ಕಾಕೂ ಪ್ಲಾಸ್ಟರಿನ ಕೈ ಎತ್ತಿದರು. ಜಗಳ ನಮ್ಮ ಬಾಗಿಲಿಗೆ ಬಂತು. ನಾನು ಇಬ್ಬರಿಗೂ ಚಹಾ ಕೊಟ್ಟು, ಗೋಡೆ ಕೊರೆಯುವುದು ಬೇಡ, ಹೊರಗಿನಿಂದ ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರು ಹಾಯಿಸೋಣ ಅಂದೆ. ಇಬ್ಬರಿಗೂ ಅರ್ಧ ಗೆದ್ದ ಹಾಗಾಯಿತು. ಕಾಕಾ ನನ್ನತ್ತ ಬೊಟ್ಟು ಮಾಡಿ ಘೋಷಿಸಿದರು: "ಮನ್ಯಾಗೂ ಹಿಂಗ. ಗಂಡ ಕೆಂಪು ವೈರು, ಹೆಣ್ತಿ ಅರ್ಥಿಂಗು. ನಡುವ ಒಂದು ನೂಟ್ರಲ್ ಇಲ್ಲಂದ್ರ ಏನೂ ನಡ್ಯಂಗಿಲ್ಲ. ಇವತ್ತಿಂದ ನೀನ ನಮ್ಮ ನೂಟ್ರಲ್." ಅಂದಿನಿಂದ ನನಗೆ ಅದೇ ಹೆಸರು. ಮೆಟ್ಟಿಲಲ್ಲಿ ಸಿಕ್ಕರೂ "ಏನ್ ನೂಟ್ರಲ್, ಆಫೀಸಿಗೇನು?" ನನ್ನ ಗಂಡನೂ ಕೆಲ ದಿನ ಹಾಗೇ ಕರೆದು, ಬೈಸಿಕೊಂಡು ಬಿಟ್ಟ.

ಮೊದಲ ಸೆನ್ಸರ್ ಬಾತ್‌ರೂಮಿಗೆ ಬಂತು. ಒಳಗೆ ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತಿತ್ತು, ಅಲುಗಾಡದಿದ್ದರೆ ಆರುತ್ತಿತ್ತು. ಕಾಕಾ ಒಳಗೆ ಪೇಪರ್ ಓದುವ ಮನುಷ್ಯ. ಓದಿನಲ್ಲಿ ಮುಳುಗಿದ ಮನುಷ್ಯ ಅಲುಗಾಡುವುದಿಲ್ಲ ಎಂಬುದು ಪ್ಲ್ಯಾನಿಂಗಿನಲ್ಲಿ ಬಿಟ್ಟುಹೋಗಿತ್ತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವರ ಬಾತ್‌ರೂಮಿನ ಮಸುಕು ಗಾಜು ಕಾಣುತ್ತಿತ್ತು. ಬೆಳಿಗ್ಗೆ ನಾನು ಡಬ್ಬಿ ಕಟ್ಟುವಾಗ ಆ ಗಾಜು ಕಪ್ಪಾಗುವುದು, ಒಂದು ಪೇಪರ್ ರೈಲಿಗೆ ಟಾಟಾ ಮಾಡಿದ ಹಾಗೆ ಬೀಸುವುದು, ಮತ್ತೆ ಬೆಳಕಾಗುವುದು. ಊರಿಂದ ಬಂದ ನೆಂಟರಿಗೆ ಕಾಕೂ ಟವೆಲ್ಲಿನ ಜೊತೆಗೇ ತಿಳಿವಳಿಕೆ ಕೊಡುತ್ತಿದ್ದರು: "ಒಳಗ ಕುಂತ ಮ್ಯಾಲೆ ನಡುನಡುವ ಕೈ ಬೀಸ್ರಿ. ಇಲ್ಲಂದ್ರ ಕತ್ತಲ ಆಗ್ತದ." ಕಾಕೂನ ಅಣ್ಣ ಇದನ್ನು ಚೇಷ್ಟೆ ಎಂದುಕೊಂಡು ಕೈ ಬೀಸಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಕರೆಂಟ್ ಹೋತು! ಯಾರರ ಬರ್ರೋ!" ಎಂಬ ಕೂಗು ಇಡೀ ಬಿಲ್ಡಿಂಗಿಗೆ ಕೇಳಿಸಿತು.

ಹಾಲ್‌ನ ಸೆನ್ಸರಿನ ಮೇಲೆ ಹಲ್ಲಿ ವಾಸಕ್ಕೆ ಬಂತು. ಅದು ಬಾಲ ಆಡಿಸಿದಾಗೆಲ್ಲ ದೀಪ ಹತ್ತುತ್ತಿತ್ತು. ಕಾಕೂ ಪ್ರತಿಸಲವೂ ಪಂಚಾಂಗ ತೆಗೆದು, ಹಲ್ಲಿ ಯಾವ ದಿಕ್ಕಿಗಿದ್ದರೆ ಏನು ಫಲ ಎಂದು ನೋಡುತ್ತಿದ್ದರು. ಕಾಕಾಗೆ ಅದರ ಮೇಲೆ ಸಿಟ್ಟಿರಲಿಲ್ಲ. "ಟೆಸ್ಟಿಂಗ್ ಮಾಡಾಕತ್ತದ ಪಾಪ, ಪಗಾರಿಲ್ಲದ," ಎಂದು ಗೋಡೆಯ ಮೇಲೆ ಅದರ ವಿಳಾಸ ಬರೆದರು. ರಸ್ತೆಗೆ ಕಾಣಿಸಿದ್ದು ಅದೇ.

ನಗೆಯಾಡಿದೆ ಅಂತ ಒಂದು ಮಾತು ಹೇಳದೆ ಬಿಟ್ಟರೆ ತಪ್ಪಾದೀತು. ಪ್ಯಾಸೇಜಿನದು ಮಾತ್ರ ಸರಿಯಾಯಿತು. ಗೋಡೆಯ ಬುಡದಲ್ಲಿ, ಹಾಸಿಗೆಯಿಂದ ಅಡುಗೆಮನೆಯವರೆಗೆ, ಬೆಳಕಿನ ಒಂದು ತೆಳು ಪಟ್ಟಿ. ಕಾಕೂ ಕಾಲು ನೆಲಕ್ಕೆ ಇಳಿಸಿದ ಕೂಡಲೇ ಕಣ್ಣಿಗೆ ಚುಚ್ಚದ ಹಾಗೆ ಹಳದಿಯಾಗಿ ಹತ್ತುತ್ತಿತ್ತು. ಎಷ್ಟೋ ಸಲ ಬಿಚ್ಚಿ, ಕಟ್ಟಿ, ನನ್ನನ್ನು ತಂಬಿಗೆ ಹಿಡಿಸಿ ನಡೆಸಿ, ಕೊನೆಗೆ ಸಾಧಿಸಿದ್ದು. ಕಾಕೂ ಹೊಗಳಲಿಲ್ಲ. ಗೋಡೆ ತಡವುವುದನ್ನು ಬಿಟ್ಟರು ಅಷ್ಟೇ. ಕಾಕಾಗೆ ಅದು ಗೊತ್ತಾಗಿತ್ತು. ಮರುದಿನ ಇಡೀ ಬಿಲ್ಡಿಂಗಿಗೆ ಸುಮ್ಮನೆ ಪೇಡೆ ಹಂಚಿದರು. ಆ ಪಟ್ಟಿ ಈಗಲೂ ಇದೆ, ವಿಕ್ರೋಳಿಯ ಮನೆಯಲ್ಲಿ, ಕಾಕೂನ ಹಾಸಿಗೆಯ ಪಕ್ಕ.

ಅಲ್ಲಿಗೇ ನಿಂತಿದ್ದರೆ ಕಾಕಾ ಕಾಕಾ ಆಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ಒಂದು ಸಣ್ಣ ಪೆಟ್ಟಿಗೆ ತಂದರು. ಯಾವ ಭಾಷೆಯಾದರೂ ಸರಿ, ನಾವು ಕಲಿಸಿದ ಮಾತನ್ನು ಅದು ಗುರುತು ಹಿಡಿಯುತ್ತದೆ. ಬಾಗಿಲ ಪಕ್ಕದಲ್ಲಿ ಅದನ್ನು ಕೂರಿಸಿ, ಎರಡೇ ಮಾತು ಕಲಿಸಿದರು. ಹೊರಗಿಂದ ಬಂದವರು "ಬಂದೇನಿ" ಅನ್ನಬೇಕು, ಮನೆಯ ದೀಪ, ಫ್ಯಾನು, ಗೀಸರು ಎಲ್ಲ ಹತ್ತುತ್ತವೆ. ಹೊರಡುವವರು "ಹೋಗ್ತೇನಿ" ಅನ್ನಬೇಕು, ಎಲ್ಲ ಆರುತ್ತವೆ. "ಕಾಕೂ ಗುಡಿಯಿಂದ ಬರೂದ್ರಾಗ ಕತ್ತಲಾದ್ರೂ ಚಿಂತಿಲ್ಲ," ಅಂದರು. "ಬಾಗಲದಾಗ ನಿಂತು ಒಂದು ಶಬ್ದ. ಸ್ವಿಚ್ ಹುಡುಕೂದ ಬ್ಯಾಡ."

ಉದ್ಘಾಟನೆಗೆ ನಾನೊಬ್ಬಳೇ ಮುಖ್ಯ ಅತಿಥಿ. "ಬಂದೇನಿ" ಅಂದೆವು, ಮನೆ ಝಗ್ಗನೆ ಹತ್ತಿತು. ಆಮೇಲೆ ಕಾಕೂ ಚಪ್ಪಲಿ ಮೆಟ್ಟಿ, ಸೆರಗು ಸರಿ ಮಾಡಿಕೊಂಡು, ಬಾಗಿಲಲ್ಲಿ ನಿಂತು ಹೇಳಿದರು:

"ಬರ್ತೇನಿ."

ಏನೂ ಆರಲಿಲ್ಲ. ಪೆಟ್ಟಿಗೆಗೆ ‘ಬರ್ತೇನಿ’ಯೂ ಒಂದೇ, ‘ಬಂದೇನಿ’ಯೂ ಒಂದೇ. ಮೊದಲ ಸಲ ಹತ್ತದೆ ಉಳಿದಿದ್ದ ಒಂದು ದೀಪವೂ ಹತ್ತಿತು.

"ಹಂಗಲ್ಲ, ಹೋಗ್ತೇನಿ ಅನ್ನು," ಅಂದರು ಕಾಕಾ.

"ಯಾಕನ್ಲಿ? ನಾ ಏನ್ ಸಾಯಾಕ ಹೊಂಟೇನೇನು? ಹೊಸ್ತಲದಾಗ ನಿಂತು ಯಾರರ ಹೋಗ್ತೇನಿ ಅಂತಾರ?"

"ಮಿಶನ್ನಿಗೆ ಇದೆಲ್ಲಾ ತಿಳ್ಯಂಗಿಲ್ಲ."

"ತಿಳೀದಿದ್ರ ಕಲಸ್ರಿ. ಇಷ್ಟೆಲ್ಲಾ ಕಲಿಸೀರಿ."

ಕಾಕಾ ಸಹಾಯಕ್ಕೆ ನನ್ನತ್ತ ನೋಡಿದರು. ನಾನು ಬಾಯಿ ತೆರೆದೆ. ನಿಜ ಹೇಳುತ್ತೇನೆ, ಬಾಂದ್ರಾದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನನಗೂ ಆ ಹೊಸ್ತಿಲಲ್ಲಿ ಅದನ್ನು ಅನ್ನಲು ಆಗಲಿಲ್ಲ. "ಬರ್ತೇನಿ ಕಾಕಾ, ಅನ್ನಕ್ಕ ಇಟ್ಟೀನಿ," ಎಂದು ಓಡಿಬಂದೆ. ಹಿಂದೆ, ಎರಡು ಸಲವೂ ಸುಮ್ಮನಿದ್ದ ಅವರ ಗೀಸರು ಹತ್ತಿದ ಸದ್ದು ಕೇಳಿಸಿತು.

ಆಮೇಲೆ ಮನೆಗೆ ಬಂದವರೆಲ್ಲ ಪ್ರಯೋಗಪಶುಗಳಾದರು. ಕೆಳಗಿನ ಮನೆಯ, ನಮ್ಮ ಸೊಸೈಟಿಯ ಮರಾಠಿ ಸೆಕ್ರೆಟರಿಯನ್ನು ಚಹಾಕ್ಕೆ ಕರೆದು, ಹೊರಡುವಾಗ ಕಿವಿಗೊಟ್ಟು ನಿಂತರೆ, ಆತ "ಯೇತೋ ಕಾಕಾ" ಅಂದ. ಬರುತ್ತೇನೆ ಅಂತಲೇ. ಮೊದಲ ಮಹಡಿಯ ಗುಜರಾತಿ ಅಜ್ಜಿ "ಆವ್‌ಜೋ" ಅಂದಳು, ಅದೂ ಬರುವುದೇ. ಊರಿನ ನೆಂಟರನ್ನು ಕಾಕೂ "ಹೋಗಿ ಬರ್ರಿ" ಎಂದು ಕಳಿಸುವಾಗ, ದೀಪಗಳು ‘ಹೋಗಿ’ಗೆ ಒಮ್ಮೆ ಆರಿ ‘ಬರ್ರಿ’ಗೆ ಒಮ್ಮೆ ಹತ್ತಿ, ನೆಂಟರಿಗೆ ಮದುವೆ ಮಂಟಪದ ಮರ್ಯಾದೆ ಸಿಗುತ್ತಿತ್ತು. ಕಾಕಾ ತಲೆಗೆ ಕೈ ಹೊತ್ತು ಕೂತರು. "ಅಲ್ಲ ನೂಟ್ರಲ್, ಇಷ್ಟು ದೊಡ್ಡ ಮುಂಬಯಿನ್ಯಾಗ ಹೋಗಾವ್ರು ಒಬ್ರೂ ಇಲ್ಲೇನು? ಎಲ್ಲಾರೂ ಬರಾವ್ರ?"

ಬೇರೆ ಮಾತು ಕಲಿಸಿ ನೋಡಿದರು. ‘ನಡೀರಿ’ ಅಂತ ಇಟ್ಟರು. ಕಾಕೂ ದಿನವಿಡೀ ಕಾಕಾಗೆ ಅನ್ನುವುದೇ ಅದು. "ನಡೀರಿ ಊಟಕ್ಕ" ಅಂದ ಕೂಡಲೇ ಮನೆ ಕತ್ತಲಾಗಿ, ಸಾರು ಯಾವುದು ಪಲ್ಯ ಯಾವುದು ತಿಳಿಯದಾಯಿತು. ‘ಓಂ ಶಾಂತಿ’ ಅಂತ ಇಟ್ಟ ದಿನ ಕಾಕೂ ಮಾತು ಬಿಟ್ಟರು. ಯಾರಾದರೂ ಸತ್ತಾಗ ವಾಟ್ಸಾಪಿನಲ್ಲಿ ಹಾಕುವುದೇ ಅದು. ಕೊನೆಗೆ ಹಟಕ್ಕೆ ಬಿದ್ದು ಮತ್ತೆ ‘ಹೋಗ್ತೇನಿ’ಗೇ ಬಂದರು. "ಹೋಗೂದಕ್ಕ ಹೋಗ್ತೇನಿ ಅನ್ನಬೇಕು. ಇದು ಸೈನ್ಸು. ಇವತ್ತಿಲ್ಲ ನಾಳೆ ಆಕಿ ಬಾಯಿಂದ ಅನಸೇ ತೀರ್ತೇನಿ." ಕಾಕೂ ದಿನಾ ಗುಡಿಗೆ ಹೊರಟಾಗ ಕಾಕಾ ಬಾಗಿಲಲ್ಲಿ ನಿಂತು, "ಹೋ... ಹೋ..." ಎಂದು ಪಾಠ ಹೇಳಿಕೊಡುತ್ತಿದ್ದರು. ಕಾಕೂ ನಿರಾಳವಾಗಿ "ಬರ್ತೇನಿ" ಎಂದು ಮೆಟ್ಟಿಲಿಳಿಯುತ್ತಿದ್ದರು. ಮನೆ ದೀಪಾವಳಿಯಾಗುತ್ತಿತ್ತು. ಕಾಕಾ ಗೊಣಗುತ್ತ ಒಂದೊಂದೇ ಸ್ವಿಚ್ಚನ್ನು ಕೈಯಿಂದ ಒತ್ತಿ ಆರಿಸುತ್ತಿದ್ದರು. ಕಾಕಾ ಒಮ್ಮೆಯೂ ಸೋತೆ ಅನ್ನಲಿಲ್ಲ, ಕಾಕೂ ಒಮ್ಮೆಯೂ ಆ ಮಾತು ಅನ್ನಲಿಲ್ಲ.

ಅಷ್ಟರಲ್ಲಿ ರೀಡೆವಲಪ್‌ಮೆಂಟ್ ಬಂತು. ಸೊಸೈಟಿ ಮೀಟಿಂಗಿನಲ್ಲಿ ಉಳಿದವರೆಲ್ಲ ಕಾರ್ಪೆಟ್ ಏರಿಯಾ, ಪಾರ್ಕಿಂಗ್ ಎಂದು ಕಿತ್ತಾಡುತ್ತಿದ್ದಾಗ ಕಾಕಾ ಎದ್ದು ನಿಂತು ಬಿಲ್ಡರನ ಕಡೆಯವನಿಗೆ ಒಂದೇ ಪ್ರಶ್ನೆ ಹಾಕಿದರು: "ಹರ್ ಬೋರ್ಡ್ ಮೇ ನೂಟ್ರಲ್ ದೇಂಗೇ ಕ್ಯಾ?" ಅವನಿಗೆ ಅರ್ಥವಾಗಲಿಲ್ಲ. "ಸಬ್ ಮಿಲೇಗಾ ಕಾಕಾ," ಅಂದ. ಕಾಕಾ ಚಪ್ಪಾಳೆ ತಟ್ಟಿ ಸಹಿ ಹಾಕಿದರು.

ಅವರು ಮನೆ ಬಿಟ್ಟ ಸಂಜೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗೆ ಟೆಂಪೋ ನಿಂತಿತ್ತು. ಸಾಮಾನೆಲ್ಲ ಇಳಿದಿತ್ತು, ಪ್ರತಿಯೊಂದು ಪೆಟ್ಟಿಗೆಗೂ ಬಾಣ. ಪ್ಯಾಸೇಜಿನ ಬೆಳಕಿನ ಪಟ್ಟಿಯನ್ನು ಕಾಕಾ ತಾವೇ ಬಿಚ್ಚಿ, ಕಾಕೂನ ಹಳೆಯ ಸೀರೆಯಲ್ಲಿ ಸುತ್ತಿ, ಅದಕ್ಕೂ ಒಂದು ಬಾಣ ಬಿಡಿಸಿ, ಬಗಲಲ್ಲಿ ಇಟ್ಟುಕೊಂಡಿದ್ದರು. ಉಳಿದ ಬಲ್ಬು, ಫ್ಯಾನು, ಬಾಗಿಲ ಪಕ್ಕದ ಆ ಪೆಟ್ಟಿಗೆ ಎಲ್ಲ ಅಲ್ಲೇ. ಹೊಸ ಮನೆಗೆ ಎಲ್ಲ ಹೊಸದಾಗಿ ಪ್ಲ್ಯಾನ್ ಮಾಡುವುದಿತ್ತು, ಹಳೆಯ ಬಲ್ಬಿಗೆ ಹೊಸ ನೂಟ್ರಲ್ ಒಗ್ಗುವುದಿಲ್ಲವಂತೆ. ಖಾಲಿ ಹಾಲ್‌ನಲ್ಲಿ ಒಂದು ದೀಪ ಉರಿಯುತ್ತಿತ್ತು. ಕ್ಯಾಲೆಂಡರುಗಳು ಹೋಗಿ ಗೋಡೆಯ ಗೆರೆಗಳೆಲ್ಲ ಮತ್ತೆ ಬಯಲಾಗಿದ್ದವು.

ಕಾಕೂ ದೇವರ ಡಬ್ಬಿ ಎದೆಗವಚಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು. ಕಾಕಾ ಬಾಗಿಲಲ್ಲಿ ತಡೆದು ನಿಂತದ್ದು ನೋಡಿ ಅವರೇ ಹೇಳಿದರು:

"ಇವತ್ತ ಅನ್ರಿ."

"ಏನು?"

"ಅದ, ನಿಮ್ಮ ಮಾತು. ಇವತ್ತ ಖರೇನ ಹೊಂಟೇವಲ್ಲ. ತಿರುಗಿ ಈ ಮನಿಗೆ ಬರೂದಿಲ್ಲ. ಒಂದು ಸಲ ನಿಮ್ಮ ಸಿಸ್ಟಂ ಸರಿಯಾಗಿ ನಡೀಲಿ. ನಾ ಏನೂ ಅನ್ನಂಗಿಲ್ಲ."

ಇಷ್ಟು ದಿನ ಕಾದ ಗೆಲುವು. ಕಾಕಾ ಕನ್ನಡಕ ಸರಿ ಮಾಡಿಕೊಂಡು ಪೆಟ್ಟಿಗೆಗೆ ಮುಖ ಕೊಟ್ಟು ನಿಂತರು.

"ಹೋ..."

ಗಂಟಲು ಸರಿ ಮಾಡಿಕೊಂಡರು.

"ಹೋ..."

ನೀರು ಕೇಳಿದರು. ನೀರಿನ ಬಾಟಲಿ ಟೆಂಪೋದಲ್ಲಿ ಹೋಗಿತ್ತು. ನನ್ನ ಕಡೆ ತಿರುಗಿದರು. "ನೂಟ್ರಲ್, ನೀ ಅಂದ್ಬಿಡು."

"ಆಗಂಗಿಲ್ಲ ಕಾಕಾ. ನೂಟ್ರಲ್ ಅಂದ್ರ ಯಾರ ಕಡೇನೂ ಮಾತಾಡೂಹಂಗಿಲ್ಲ, ಹೆಸರಿಟ್ಟಾವ್ರು ನೀವ."

ಕಾಕಾ ಮತ್ತೆ ಪೆಟ್ಟಿಗೆಯ ಕಡೆ ತಿರುಗಿದರು. ಆಮೇಲೆ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, ಮಲಗಿದವರನ್ನು ಎಬ್ಬಿಸಬಾರದು ಎಂಬಷ್ಟು ಮೆಲ್ಲಗೆ ಹೇಳಿದರು:

"ಬರ್ತೇನಿ."

ಇಡೀ ಮನೆ ಹತ್ತಿತು. ಹಾಲ್, ಅಡುಗೆಮನೆ, ಬಾತ್‌ರೂಮು. ಫ್ಯಾನುಗಳು ಗರಗರ ತಿರುಗಿದವು. ಎಷ್ಟೋ ದಿನದಿಂದ ಮಾತು ಕೇಳದಿದ್ದ ಗೀಸರಿನ ಕೆಂಪು ದೀಪವೂ ಹತ್ತಿತು. ಕಾಕೂಗೆ ನಗು ತಡೆಯಲಾಗಲಿಲ್ಲ. ದೇವರ ಡಬ್ಬಿ ಅಲುಗಾಡುವಷ್ಟು ನಕ್ಕರು. "ಈಗ ತಿಳೀತೇನ್ರಿ, ಯಾಕ ಆ ಮಾತು ಬಾಯಿಗೆ ಬರಂಗಿಲ್ಲಂತ?" ಅಂದರು.

"ಆರ್ಸಿ ಬರ್ಲೇನು?" ಎಂದು ನಾನು ಸ್ವಿಚ್ಚಿನ ಕಡೆ ಹೊರಟೆ.

"ಬ್ಯಾಡ ಮಗಳ," ಅಂದರು ಕಾಕಾ. "ಬರ್ತೇನಿ ಅಂದದ್ದನ್ನ ನಂಬೇದ ಅದು. ಇರ್ಲಿ."

ಕೆಳಗಿಳಿದೆವು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. "ಏ, ನೂಟ್ರಲ್ ಅಳೂಹಂಗಿಲ್ಲ. ಶಾಕ್ ಹೊಡೀತದ," ಎಂದು ಬೈದು, ಕಾಕೂನನ್ನು ಕೈ ಹಿಡಿದು ಟೆಂಪೋದ ಮುಂದಿನ ಸೀಟಿಗೆ ಹತ್ತಿಸಿ, ತಾವೂ ಹತ್ತಿದರು. ಡ್ರೈವರ್ ಗಾಡಿ ಶುರು ಮಾಡಿ, ತಲೆ ಹೊರಗೆ ಹಾಕಿ ಮೇಲೆ ನೋಡಿದ. ಅರ್ಧ ಖಾಲಿಯಾದ ಬಿಲ್ಡಿಂಗಿನಲ್ಲಿ ಆ ಒಂದು ಮನೆ ಮದುವೆ ಮನೆಯ ಹಾಗೆ ಉರಿಯುತ್ತಿತ್ತು.

"ಕಾಕಾ, ಊಪರ್ ಲೈಟ್ ಚಾಲೂ ರೆಹ ಗಯಾ."

"ರೆಹನೇ ದೋ," ಅಂದರು ಕಾಕಾ, ಬಗಲಿನ ಸೀರೆಯ ಗಂಟನ್ನು ಬಾಣ ಮೇಲಾಗುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಅದೇ ಮಾತನ್ನು ಹಿಂದಿಗೆ ತಿರುಗಿಸುತ್ತ. "ಬೋಲಾ ಹೈ ಉಸಕೋ. ಆತೇ ಹೈಂ."